ವಂಕಿ ತೆಗೆದರು, ಕೈ ತೊಳೆದುಕೊಂಡರು

ವಂಕಿ ಎಂದರೆ ಕಾಪರ್-ಟಿ, ಬಸಿರಾಗದಿರಲೆಂದು ಗರ್ಭಕೋಶದೊಳಗೆ ಇಡುವ ಸಾಧನ. ಅದನ್ನು ಹಾಕುವಾಗ ಎಷ್ಟೊಂದು ಉಪಚಾರ! ಚಿತ್ರ ತೋರಿಸಿ ವಿವರಿಸಿದರು, ಸಹಿ ಹಾಕಿಸಿಕೊಂಡರು, ಮುಟ್ಟಾದ ಮೇಲೆ ದಾರ ಕೈಗೆ ಸಿಗುತ್ತದೆಯೇ ಎಂದು ನೋಡಿಕೊಳ್ಳಿ ಎಂದರು, ಮತ್ತೆ ತಪಾಸಣೆಗೆ ಬರಬೇಕಾದ ದಿನವನ್ನೂ ಚೀಟಿಯಲ್ಲಿ ಬರೆದುಕೊಟ್ಟರು. ತೆಗೆಯುವಾಗ? ಕೆಮ್ಮಿ ಎಂದರು, ದಾರ ಹಿಡಿದು ಎಳೆದರು, ಆಯಿತು ಏಳಿ ಎಂದರು. ಮುಂದೆ ಏನಾಗಬಹುದು, ಏನಾದರೆ ಓಡಿ ಬರಬೇಕು ಎಂಬ ಒಂದು ಮಾತೂ ಇಲ್ಲ.

ಮೊದಲೆರಡು ದಿನ ಹೊಟ್ಟೆ ಹಿಂಡಿದ್ದಕ್ಕೆ, ಒಂದಿಷ್ಟು ರಕ್ತದ ಕಲೆ ಕಂಡದ್ದಕ್ಕೆ ನನ್ನ ತಕರಾರಿಲ್ಲ. ಗರ್ಭಕಂಠ ದಾಟಿ ಬಂದ ವಸ್ತು, ಅಷ್ಟಾದರೂ ಆಗಿಯೇ ಆಗುತ್ತದೆ. ಆದರೆ ಆಮೇಲೆ ಶುರುವಾದ ಈ ಸ್ರಾವ? ಬೂದು ಬಣ್ಣ, ನೀರು ನೀರು, ಹಳಸಿದ ಮೀನಿನ ವಾಸನೆ. ಜೊತೆಗೆ ಕಿಬ್ಬೊಟ್ಟೆಯಲ್ಲಿ ಬಿಡದ ಭಾರ. ಪಕ್ಕದಲ್ಲಿ ಕುಳಿತವರಿಗೂ ವಾಸನೆ ಬರುತ್ತಿದೆಯೇನೋ ಎಂಬ ಅಳುಕಿನಲ್ಲೇ ಕೆಲಸ ಮಾಡುವುದು ಹೇಗಿರುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು.

ಮತ್ತೆ ಹೋದೆ. ವೈದ್ಯೆ ಕಂಪ್ಯೂಟರ್‌ನಿಂದ ಕಣ್ಣು ಕೀಳದೆ, "ಹೆಂಗಸರಿಗೆ ಬಿಳಿಸೆರಗು ಇದ್ದದ್ದೇ, ತಲೆ ಕೆಡಿಸಿಕೊಳ್ಳಬೇಡಿ" ಎಂದರು. ಬಿಳಿ ಎಂದು ಯಾರು ಹೇಳಿದರು? ನಾನು ಬೂದು ಎಂದೆ, ವಾಸನೆ ಎಂದೆ, ನೋವು ಎಂದೆ. ಮೇಜಿನ ಮೇಲೆ ಮಲಗಿ ಎಂದೂ ಹೇಳಲಿಲ್ಲ. ಸುವಾಸನೆಯ ದ್ರಾವಣವೊಂದನ್ನು ಬರೆದುಕೊಟ್ಟು ತೊಳೆದುಕೊಳ್ಳಿ ಎಂದರು! ಯೋನಿಯನ್ನು ಕಾಯುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಇಂಥ ತೊಳೆತದಿಂದಲೇ ಹಾಳಾಗುತ್ತದೆ ಎಂಬುದು ಓದಿದವರಿಗೆ ತಿಳಿಯದ ಸಂಗತಿಯೇ? ರೋಗಿಯ ಬಾಯಿ ಮುಚ್ಚಿಸಲು ಪರಿಮಳ ಸಾಕು ಎಂದುಕೊಂಡಿರಬೇಕು.

ನಾನು ಕೇಳಿದ್ದು ಆಕಾಶದ ನಕ್ಷತ್ರವನ್ನಲ್ಲ. ಹತ್ತಿ ಸುತ್ತಿದ ಕಡ್ಡಿಯಲ್ಲಿ ಒಂದು ಮಾದರಿ ತೆಗೆಯುವುದು ಕ್ಷಣಗಳ ಕೆಲಸ. ಯೋನಿಯ ಪಿಎಚ್, ಅಂದರೆ ಆಮ್ಲೀಯತೆಯ ಅಳತೆ, ಸಾಮಾನ್ಯವಾಗಿ 3.8ರಿಂದ 4.5ರ ನಡುವೆ ಇರುತ್ತದೆ, ಅದು 4.5 ದಾಟಿ, ಮೀನಿನ ವಾಸನೆಯೂ ಇದ್ದರೆ ಬ್ಯಾಕ್ಟೀರಿಯಲ್ ವಜೈನೋಸಿಸ್, ಅಂದರೆ ಯೋನಿಯ ಬ್ಯಾಕ್ಟೀರಿಯಾಗಳ ಸಮತೋಲನ ತಪ್ಪಿದ ತೊಂದರೆ, ಇರಬಹುದೆಂದು ಅನುಮಾನಿಸಬೇಕು. ಹೌದಾದರೆ ಅದಕ್ಕೆ ಮಾತ್ರೆಯಿದೆ, ಗುಣವಾಗುತ್ತದೆ. ಮೊಸರಿನಂತೆ ಗಟ್ಟಿಯಾಗಿ, ತುರಿಕೆಯೊಂದಿಗೆ ಬಂದರೆ ಅದು ಶಿಲೀಂಧ್ರದ ಸೋಂಕಿರಬಹುದು, ಔಷಧವೇ ಬೇರೆ. ನೋಡದೆ ಯಾವುದೆಂದು ತಿಳಿಯುವುದು ಹೇಗೆ?

ನನ್ನ ಹೊಟ್ಟೆ ಉರಿಯುತ್ತಿರುವುದು ಇನ್ನೊಂದು ಕಾರಣಕ್ಕೆ. ಮಗು ಬೇಕೆಂದೇ ನಾನು ಕಾಪರ್-ಟಿ ತೆಗೆಸಿದ್ದು. ಕಡತದಲ್ಲೂ ಹಾಗೆಂದೇ ಬರೆದಿದೆ. ಸೋಂಕು ಮೇಲೇರಿ ಗರ್ಭನಾಳಕ್ಕೆ ತಲುಪಿ ಅಲ್ಲಿ ಗಾಯದ ಕಲೆ ಉಳಿದರೆ ಗರ್ಭ ನಿಲ್ಲುವುದೇ ಕಷ್ಟವಾಗಬಹುದು, ನಾಳದಲ್ಲೇ ಕಟ್ಟಿದರೆ ಜೀವಕ್ಕೂ ಅಪಾಯ. ಕಿಬ್ಬೊಟ್ಟೆ ನೋಯುತ್ತಿದೆ ಎಂದು ಬಾಯಿಬಿಟ್ಟು ಹೇಳಿದವಳನ್ನು ಮುಟ್ಟಿಯೂ ನೋಡದೆ ಕಳುಹಿಸುತ್ತಾರೆಂದರೆ!

ಬೇರೆ ಕಡೆ ಸಮಯ ಗೊತ್ತುಮಾಡಿದ್ದೇನೆ. ಅಷ್ಟರಲ್ಲಿ ಜ್ವರ ಬಂದರೆ, ನೋವು ಹೆಚ್ಚಿದರೆ ಸರದಿಗೆ ಕಾಯದೆ ತುರ್ತು ವಿಭಾಗಕ್ಕೇ ಹೋಗುತ್ತೇನೆ. ಎಲ್ಲಿಗೆ ಹೋದರೂ ಈ ಬಾರಿ ಮಾದರಿ ತೆಗೆಯುವವರೆಗೆ ತಪಾಸಣೆಯ ಮೇಜಿನಿಂದ ಕೆಳಗಿಳಿಯುವುದಿಲ್ಲ.