ಯೂತ್ ಹಾಸ್ಟೆಲ್‌ಗೆ 30ರ ಗಡಿ ಇಲ್ಲ

‘30 ವರ್ಷ ದಾಟಿದವರಿಗೆ ಯೂತ್ ಹಾಸ್ಟೆಲ್‌ಗಳಲ್ಲಿ (ಪ್ರವಾಸಿಗರು ಕಡಿಮೆ ಖರ್ಚಿನಲ್ಲಿ ತಂಗುವ ತಾಣ) ಜಾಗ ಕೊಡಲ್ಲ’ ಎಂಬ ಮೆಸೇಜ್ ಹರಿದಾಡುತ್ತಿದೆ. ಇದು ತಪ್ಪು.

1912ರಲ್ಲಿ ಜರ್ಮನಿಯ ಆಲ್ಟೆನಾ ಕೋಟೆಯಲ್ಲಿ ಶಾಲಾ ಮೇಷ್ಟ್ರು ರಿಚರ್ಡ್ ಶಿರ್ಮನ್ ಮೊದಲ ಕಾಯಂ ಯೂತ್ ಹಾಸ್ಟೆಲ್ ಶುರು ಮಾಡಿದ್ದು ಮಕ್ಕಳಿಗಾಗಿಯೇ, ನಿಜ. ಹೆಸರು ಹಾಗೇ ಉಳಿಯಿತು. ಆದರೆ ಯೂತ್ ಹಾಸ್ಟೆಲ್ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಹಾಸ್ಟೆಲಿಂಗ್ ಇಂಟರ್‌ನ್ಯಾಷನಲ್ ಸದಸ್ಯತ್ವಕ್ಕೆ ಗರಿಷ್ಠ ವಯಸ್ಸು ಇಲ್ಲ.

ಗೊಂದಲ ಹುಟ್ಟಿದ್ದು ಎಲ್ಲಿಂದ? ಕೆಲವು ಖಾಸಗಿ ಹಾಸ್ಟೆಲ್‌ಗಳು ಡಾರ್ಮ್‌ಗೆ (ಹಲವರು ಒಟ್ಟಿಗೆ ಮಲಗುವ ಕೋಣೆ) ಗರಿಷ್ಠ ವಯಸ್ಸಿನ ಮಿತಿ ಹಾಕುತ್ತವೆ. 18 ತುಂಬದವರನ್ನು ಡಾರ್ಮ್‌ಗೆ ಸೇರಿಸದ ಕಡೆಗಳೂ ಇವೆ. ಈ ಕನಿಷ್ಠ ವಯಸ್ಸಿನ ಸುದ್ದಿಯೇ ಮೆಸೇಜ್‌ನಲ್ಲಿ ಇಲ್ಲ!

ಈಗ ಲ್ಯಾಪ್‌ಟಾಪ್ ಹಿಡಿದು ಕೆಲಸ ಮಾಡುತ್ತಾ ಸುತ್ತುವವರು, ಕುಟುಂಬದವರು ಕೂಡ ಹಾಸ್ಟೆಲ್‌ಗೆ ಬರುತ್ತಾರೆ. ಅವರಿಗೆಂದೇ ಪ್ರತ್ಯೇಕ ಕೋಣೆ ಇಡುವವರಿದ್ದಾರೆ. ಬಂದ ಗಿರಾಕಿಯನ್ನು ಸುಮ್ನೆ ಯಾರು ವಾಪಸ್ ಕಳಿಸುತ್ತಾರೆ, ಅಲ್ವಾ? ಬುಕ್ ಮಾಡುವ ಮುಂಚೆ ಆಯಾ ಹಾಸ್ಟೆಲ್‌ನ ನಿಯಮ ಓದಿಕೊಳ್ಳಿ.