ಛಾಯಾಗ್ರಾಹಕರನ್ನ ಬೈಯೋ ಮುಂಚೆ ಟಿವಿಯ ಸೆಟ್ಟಿಂಗ್ಸ್ ತೆಗೆದು ನೋಡಿ

ಒಟಿಟಿಗೆ ಹೊಸ ಕನ್ನಡ ಸಿನಿಮಾ ಬಂದ ವಾರ ಇಲ್ಲಿ ಅಭಿಪ್ರಾಯಗಳ ಸುರಿಮಳೆ. ಅದು ಒಳ್ಳೇದೇ. ಥಿಯೇಟರ್‌ನಲ್ಲಿ ಒಂದೇ ವಾರಕ್ಕೆ ಎತ್ತಂಗಡಿಯಾದ ಎಷ್ಟೋ ಚಿತ್ರಗಳಿಗೆ ಮನೆಯಲ್ಲಿ ಕೂತು ನೋಡಿದವರ ಬರಹಗಳೇ ಎರಡನೇ ಜೀವ ಕೊಟ್ಟಿವೆ. ಆದರೆ ಆ ಬರಹಗಳಲ್ಲಿ ಮೂರು ದೂರು ತಪ್ಪದೇ ಇರುತ್ತವೆ: 'ಮೇಕಿಂಗ್ ಸೀರಿಯಲ್ ಥರ ಇದೆ', 'ಡೈಲಾಗ್ ಕೇಳ್ಸಲ್ಲ, ಬಿಜಿಎಂ ಮಾತ್ರ ಕಿವಿಗೆ ಬಡಿಯುತ್ತೆ', 'ರಾತ್ರಿ ಸೀನ್‌ಗಳಲ್ಲಿ ಏನೂ ಕಾಣಲ್ಲ'. ನನ್ನ ಪ್ರಕಾರ ಈ ಮೂರರಲ್ಲಿ ಬಹುಪಾಲು ದೂರು ಸಿನಿಮಾಗೆ ಸೇರಿದ್ದೇ ಅಲ್ಲ, ಟಿವಿಗೆ ಸೇರಿದ್ದು. ಬೈಸಿಕೊಳ್ಳೋರು ಮಾತ್ರ ಛಾಯಾಗ್ರಾಹಕರು ಮತ್ತು ಸೌಂಡ್ ಮಿಕ್ಸ್ ಮಾಡಿದವರು.

ಮೊದಲು ಈ ಸೀರಿಯಲ್ ಕಳೆ ಎಲ್ಲಿಂದ ಬರುತ್ತೆ ನೋಡೋಣ. ಸಿನಿಮಾ ಚಿತ್ರೀಕರಣವಾಗೋದು ಸೆಕೆಂಡಿಗೆ 24 ಫ್ರೇಮ್‌ನಲ್ಲಿ, ಅಂದ್ರೆ 24 ಬಿಡಿ ಚಿತ್ರಗಳಲ್ಲಿ. ಮನೆಯ ಟಿವಿ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತೆ. 60ನ್ನು 24ರಿಂದ ಸರಿಯಾಗಿ ಭಾಗಿಸೋಕಾಗಲ್ಲ, ಹಾಗಾಗಿ ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ ಬರುತ್ತೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿದಾಗ ಕಾಣೋ ಸಣ್ಣ ಎಳೆದಾಟಕ್ಕೆ ಇದೇ ಕಾರಣ. ಅದನ್ನು ಮುಚ್ಚೋಕೆ ಟಿವಿ ಎರಡು ಫ್ರೇಮ್‌ಗಳ ನಡುವೆ ತಾನೇ ಊಹಿಸಿ ಹೊಸ ಫ್ರೇಮ್ ತುಂಬಿಸುತ್ತೆ. ಆಗ ಚಲನೆ ನುಣ್ಣಗಾಗಿ, ಸ್ಟುಡಿಯೋದಲ್ಲಿ ವಿಡಿಯೋ ಕ್ಯಾಮೆರಾ ಇಟ್ಟು ತೆಗೆದ ಧಾರಾವಾಹಿಯಂತೆ ಕಾಣುತ್ತೆ. 'ಗರುಡ ಗಮನ ವೃಷಭ ವಾಹನ'ದಲ್ಲಿ ಶಿವ ಮಳೆಯಲ್ಲಿ ಹುಲಿವೇಷದ ಹೆಜ್ಜೆ ಹಾಕೋ ದೃಶ್ಯವನ್ನೇ ತಗೊಳ್ಳಿ. ಛಾಯಾಗ್ರಹಣ, ಸಂಕಲನ ಎರಡನ್ನೂ ಮಾಡಿದವರು ಪ್ರವೀಣ್ ಶ್ರೀಯಾನ್. ಆ ಕುಣಿತದ ಭಾರವೆಲ್ಲ ಇರೋದು ಚಲನೆಯ ಒರಟಿನಲ್ಲಿ. ಈ ನುಣುಪು ಆನ್ ಇದ್ದರೆ ಭಾರ ಹೋಗುತ್ತೆ, ಬೀಸೋ ಕೈಯ ಅಂಚಿನಲ್ಲಿ ನೀರು ಕದಡಿದ ಹಾಗೆ ಕಲೆ ಕಾಣಿಸುತ್ತೆ, ಯಾಕಂದ್ರೆ ಮಳೆಹನಿ ಯಾವುದು, ಬೆರಳು ಯಾವುದು ಅಂತ ಊಹಿಸೋಕೆ ಟಿವಿಗೆ ಆಗಲ್ಲ.

ಇದನ್ನು ಆಫ್ ಮಾಡಲು ಒಂದು ನಿಮಿಷ ಸಾಕು. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ: ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ, ಶಿಯೋಮಿ, ಟಿಸಿಎಲ್‌ನಂಥವುಗಳಲ್ಲಿ ಎಂಇಎಂಸಿ. ಪಿಕ್ಚರ್ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಮೆನುವಿನಲ್ಲಿ ಸಿಗುತ್ತೆ. ಟಿವಿಯಲ್ಲಿ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದೊಂದನ್ನೇ ಒತ್ತಿ, ಉಳಿದದ್ದು ತಾನಾಗಿ ಸರಿಹೋಗುತ್ತೆ. ಇಲ್ಲದಿದ್ದರೆ ಸಿನಿಮಾ ಅಥವಾ ಮೂವಿ ಮೋಡ್. ಒಂದು ಎಚ್ಚರಿಕೆ: ಈ ಬದಲಾವಣೆ ಎಷ್ಟೋ ಟಿವಿಗಳಲ್ಲಿ ಆಯಾ ಇನ್‌ಪುಟ್‌ಗೆ ಮಾತ್ರ ಅನ್ವಯಿಸುತ್ತೆ. ಟಿವಿಯೊಳಗಿನ ಆ್ಯಪ್‌ಗೆ ಒಂದು ಸಲ, ಎಚ್‌ಡಿಎಂಐ ತಂತಿಯಲ್ಲಿ ಬರೋ ಬಾಕ್ಸಿಗೆ ಒಂದು ಸಲ, ಎಚ್‌ಡಿಆರ್ (ಬೆಳಕು-ಕತ್ತಲಿನ ಅಂತರ ಹೆಚ್ಚಿರೋ) ಚಿತ್ರ ಓಡುತ್ತಿರುವಾಗ ಇನ್ನೊಂದು ಸಲ ಮಾಡಬೇಕು. 'ಆಫ್ ಮಾಡಿದ್ದೆ, ಮತ್ತೆ ಬಂದುಬಿಡ್ತು' ಅನ್ನೋರಿಗೆ ಆಗಿರೋದು ಇದೇ.

ಬಣ್ಣದ ವಿಷಯ ಬೇಗ ಮುಗಿಸ್ತೀನಿ. ಅಂಗಡಿಯ ಬೆಳಕಿನಲ್ಲಿ ಎದ್ದು ಕಾಣಲಿ ಅಂತ ಮಾಡಿರೋದು ವಿವಿಡ್ ಮೋಡ್. ಅದು ಬಿಳಿಯನ್ನು ನೀಲಿಗೆ ತಿರುಗಿಸುತ್ತೆ. ಹೇಮಂತ್ ಎಂ. ರಾವ್ ಅವರ 'ಸಪ್ತ ಸಾಗರದಾಚೆ ಎಲ್ಲೋ' ಸೈಡ್ ಎ ನೀಲಿಯಲ್ಲಿ ಅದ್ದಿದ ಚಿತ್ರ, ಸೈಡ್ ಬಿ ಕೆಂಪಿನಲ್ಲಿ. ಎಲ್ಲವೂ ಮೊದಲೇ ನೀಲಿಯಾಗಿರೋ ಟಿವಿಯಲ್ಲಿ ಆ ನೀಲಿಗೆ ಅರ್ಥವೇ ಉಳಿಯಲ್ಲ. ಕಲರ್ ಟೆಂಪರೇಚರ್ ಅನ್ನು ವಾರ್ಮ್‌ಗೆ ತನ್ನಿ, ಸಿನಿಮಾದ ಬಣ್ಣ ತಿದ್ದುವಾಗ ಬಳಸೋ 6500 ಕೆಲ್ವಿನ್‌ಗೆ ಹತ್ತಿರ ಬರೋದು ಅದು. ಮೊದಲ ಸಂಜೆ ಹಳದಿ ಅನ್ಸುತ್ತೆ, ಆಮೇಲೆ ಕಣ್ಣು ಒಗ್ಗಿಕೊಳ್ಳುತ್ತೆ. ಶಾರ್ಪ್‌ನೆಸ್ ಸ್ಯಾಮ್‌ಸಂಗ್‌ನಲ್ಲಿ 0, ಸೋನಿಯಲ್ಲಿ 50. ಸೋನಿಯಲ್ಲಿ ಏನನ್ನೂ ಕೂಡಿಸದ, ಕಳೆಯದ ಅಂಕಿ 50.

ಇನ್ನು ಕತ್ತಲು. ಮೊದಲು ಟ್ಯೂಬ್‌ಲೈಟ್ ಆರಿಸಿ, ಪರದೆಯಲ್ಲಿ ಅದರ ಪ್ರತಿಬಿಂಬ ಬಿದ್ದರೆ ಯಾವ ರಾತ್ರಿ ದೃಶ್ಯವೂ ಉಳಿಯಲ್ಲ. ಎರಡನೇದು, ಪವರ್ ಸೇವಿಂಗ್ ಅಥವಾ ಇಕೋ ಮೋಡ್ ಆಫ್ ಮಾಡಿ. ಮೂರನೇದು ಎಚ್‌ಡಿಆರ್. ಈ ಚಿತ್ರಗಳನ್ನು ಸಾಮಾನ್ಯವಾಗಿ 1000 ನಿಟ್ಸ್ (ಪರದೆಯ ಪ್ರಖರತೆಯ ಅಳತೆ) ಬೆಳಕಿನ ಲೆಕ್ಕದಲ್ಲಿ ಸಿದ್ಧಮಾಡಿರ್ತಾರೆ. ಅಗ್ಗದ ಟಿವಿಗಳು 250-300 ನಿಟ್ಸ್ ಆಸುಪಾಸಿನಲ್ಲೇ ನಿಲ್ಲುತ್ತವೆ. ಪ್ರಖರ ಭಾಗಗಳನ್ನು ಉಳಿಸಿಕೊಳ್ಳೋಕೆ ಹೋಗಿ ಅವು ಇಡೀ ಚಿತ್ರವನ್ನೇ ಮಬ್ಬಾಗಿಸುತ್ತವೆ. ಎಚ್‌ಡಿಆರ್‌ನದ್ದೇ ಒಂದು ಬಗೆಯಾದ ಡಾಲ್ಬಿ ವಿಷನ್‌ನಲ್ಲಿ ಬ್ರೈಟ್ ಆಯ್ಕೆ ಮಾಡಿ, ದೃಶ್ಯಕ್ಕೆ ತಕ್ಕಂತೆ ಬೆಳಕು ಹೊಂದಿಸೋ ಡೈನಾಮಿಕ್ ಟೋನ್ ಮ್ಯಾಪಿಂಗ್ ಇದ್ದರೆ ಆನ್ ಮಾಡಿ. ಇಷ್ಟಾದ ಮೇಲೂ ಮುಖ ಕಾಣದಿದ್ದರೆ ಆಗ ಧೈರ್ಯವಾಗಿ ಛಾಯಾಗ್ರಹಣದ ಬಗ್ಗೆ ಬರೆಯಿರಿ, ನಾನೂ ಓದ್ತೀನಿ. ಕಪ್ಪು ಆಕಾಶದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿ ಕಂಡರೆ ಅದು ಸ್ಟ್ರೀಮಿಂಗ್‌ನ ಕುಗ್ಗಿಸುವಿಕೆಯಿಂದ ಬಂದದ್ದು, ಲೈಟಿಂಗ್‌ನಿಂದಲ್ಲ. ಅಗ್ಗದ ಆಂಡ್ರಾಯ್ಡ್ ಬಾಕ್ಸ್, ಪ್ರೊಜೆಕ್ಟರ್ ಇಟ್ಟುಕೊಂಡವರು ಅದರಲ್ಲಿ ವೈಡ್‌ವೈನ್ (ಕಳ್ಳನಕಲು ತಡೆಯೋ ವ್ಯವಸ್ಥೆ) ಎಲ್1 ಮಟ್ಟದ್ದು ಇದೆಯಾ ಅಂತ ನೋಡಿಕೊಳ್ಳಿ. ಎಲ್3 ಮಾತ್ರ ಇದ್ದರೆ ನೀವು ಎಷ್ಟು ದುಡ್ಡು ಕಟ್ಟಿದ್ದರೂ ಹೆಚ್ಚಿನ ಆ್ಯಪ್‌ಗಳು ಮಸುಕಾದ ಎಸ್‌ಡಿ ಚಿತ್ರವನ್ನೇ ಕೊಡುತ್ತವೆ.

ಅತಿ ಹೆಚ್ಚು ಅನ್ಯಾಯ ಆಗ್ತಿರೋದು ಮಾತ್ರ ಶಬ್ದಕ್ಕೆ. 5.1 ಅಂದ್ರೆ ಆರು ಸ್ಪೀಕರ್‌ಗೆ ಹಂಚಿದ ಮಿಕ್ಸ್‌ನಲ್ಲಿ ಮಾತು ಬಹುತೇಕ ಪೂರ್ತಿ ನಡುವಿನ ಸ್ಪೀಕರ್‌ನಲ್ಲಿರುತ್ತೆ. ಸಂಗೀತ ಎಡಬಲಕ್ಕೆ, ವಾತಾವರಣದ ಸದ್ದು ಹಿಂದಕ್ಕೆ. ನಿಮ್ಮ ಟಿವಿಯಲ್ಲಿ ಇರೋದು ನೆಲಕ್ಕೋ ಗೋಡೆಗೋ ಮುಖ ಮಾಡಿರೋ ಎರಡು ಪುಟ್ಟ ಸ್ಪೀಕರ್. ಆರೂ ದಾರಿಯ ಸದ್ದು ಆ ಎರಡಕ್ಕೇ ತುರುಕಿದಾಗ ಮಾತು ಸಂಗೀತದ ಅಡಿಯಲ್ಲಿ ಸಿಕ್ಕಿಕೊಳ್ಳುತ್ತೆ. ಜೊತೆಗೆ ಮಟ್ಟದ ಸಮಸ್ಯೆ. ಈ ಲೆಕ್ಕದಲ್ಲಿ ಸೊನ್ನೆ ಅಂದ್ರೆ ಅತಿ ಜೋರು, ಮೈನಸ್ ಅಂಕಿ ದೊಡ್ಡದಾದಷ್ಟೂ ಸದ್ದು ಮೆತ್ತಗೆ. ನೆಟ್‌ಫ್ಲಿಕ್ಸ್ ಮಾತಿನ ಸರಾಸರಿ ಮಟ್ಟ ಮೈನಸ್ 27 ಡೆಸಿಬಲ್ ಆಸುಪಾಸಿನಲ್ಲಿರಲಿ ಅಂತ ಕೇಳುತ್ತೆ. ಯೂಟ್ಯೂಬ್ ಜೋರಾದ ವಿಡಿಯೋಗಳನ್ನು ಇಳಿಸಿ ನಿಲ್ಲಿಸೋದು ಮೈನಸ್ 14ರ ಹತ್ತಿರ. ಯೂಟ್ಯೂಬ್‌ನಲ್ಲಿ ಹಾಡು ಕೇಳಿದ ವಾಲ್ಯೂಮ್‌ನಲ್ಲೇ ಸಿನಿಮಾ ಹಾಕಿದರೆ ಮಾತು ಪಿಸುಗುಟ್ಟಿದ ಹಾಗೆ ಕೇಳೋದು ಅದಕ್ಕೇ. ಸಿನಿಮಾದವರು ಮೆತ್ತಗಿಟ್ಟದ್ದು ತಪ್ಪಲ್ಲ, 'ಕಾಂತಾರ'ದ ಆ ಕೂಗು ಮೈ ಜುಮ್ಮೆನ್ನಿಸಬೇಕಾದರೆ ಅದಕ್ಕೂ ಮಾತಿಗೂ ನಡುವೆ ಅಂತರ ಬೇಕೇ ಬೇಕು.

ಸೌಂಡ್‌ಬಾರ್ (ಟಿವಿಯ ಕೆಳಗಿಡೋ ಉದ್ದನೆಯ ಸ್ಪೀಕರ್) ಇಲ್ಲದವರು ಹೀಗೆ ಮಾಡಿ. ಆ್ಯಪ್‌ನ ಆಡಿಯೋ ಪಟ್ಟಿಯಲ್ಲಿ 'ಕನ್ನಡ 5.1' ಮತ್ತು ಬರೀ 'ಕನ್ನಡ' ಎರಡೂ ಇದ್ದರೆ ಎರಡನೇದನ್ನು ಆರಿಸಿ, ಅದು ಎರಡು ಸ್ಪೀಕರ್‌ಗೆ ಅಂತಲೇ ಇರೋ ಸ್ಟೀರಿಯೋ ಟ್ರ್ಯಾಕ್. ಟಿವಿಯಲ್ಲಿ ವರ್ಚುವಲ್ ಸರೌಂಡ್ ಆಫ್ ಮಾಡಿ, ಅದು ನಡುವಿನ ಮಾತನ್ನು ಅಕ್ಕಪಕ್ಕಕ್ಕೆ ಹರಡಿ ತೆಳುವಾಗಿಸುತ್ತೆ. ರಾತ್ರಿ ಹೊತ್ತು ಜೋರು ಸದ್ದಿಗೂ ಮೆತ್ತನೆ ಸದ್ದಿಗೂ ಇರೋ ಅಂತರ ತಗ್ಗಿಸೋ ನೈಟ್ ಮೋಡ್ ಅಥವಾ ಆಟೋ ವಾಲ್ಯೂಮ್ ಹಾಕಿ. ಮಾತನ್ನಷ್ಟೇ ಎತ್ತಿ ಕೇಳಿಸೋ ಕ್ಲಿಯರ್ ವಾಯ್ಸ್ ಕೊನೆಯ ಉಪಾಯವಾಗಿರಲಿ. 'ತಿಥಿ'ಯಂಥ ಸ್ಥಳದಲ್ಲೇ ಧ್ವನಿಮುದ್ರಣ ಮಾಡಿದ ಚಿತ್ರಕ್ಕೆ ಅದನ್ನು ಹಾಕಿದರೆ ಮಾತಿನ ಸುತ್ತ ಇದ್ದ ಊರಿನ ಸದ್ದೆಲ್ಲ ಸೋರಿಹೋಗುತ್ತೆ, ಮಂಡ್ಯದ ಆ ಹಳ್ಳಿಯೇ ಅರ್ಧ ಮಾಯ. ಇನ್ನೊಂದು, ಫ್ಯಾನ್ 5ರಲ್ಲಿ ತಿರುಗ್ತಿದ್ದರೆ ಸ, ಶ, ಫದಂಥ ಉಸಿರಿನ ಅಕ್ಷರಗಳು ಆ ಗಾಳಿಯ ಸದ್ದಿನಲ್ಲೇ ಮುಳುಗುತ್ತವೆ. ಕುಂದಾಪುರ, ಮಂಗಳೂರು ಕಡೆಯ ಕನ್ನಡಕ್ಕೆ ಕಿವಿ ಪಳಗದವರಿಗೆ ಅಷ್ಟೇ ಸಾಕು ಇಡೀ ವಾಕ್ಯ ತಪ್ಪಿಹೋಗೋಕೆ. ಸಬ್‌ಟೈಟಲ್ ಹಾಕಿಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ.

ಸೌಂಡ್‌ಬಾರ್ ಇದ್ದವರು ಅದನ್ನು ಶೋಕೇಸಿನ ಒಳಗೆ ತಳ್ಳಬೇಡಿ, ಅಂಚಿಗೆ ಎಳೆದಿಡಿ. ಟಿವಿಯ ಹಿಂದೆ ಎಆರ್‌ಸಿ ಅಂತ ಬರೆದಿರೋ ಎಚ್‌ಡಿಎಂಐ ಕಿಂಡಿಗೇ ಸಿಕ್ಕಿಸಿ, ಆಡಿಯೋ ಔಟ್‌ಪುಟ್ ಅನ್ನು ಪಾಸ್-ಥ್ರೂ ಅಥವಾ ಆಟೋ ಮಾಡಿ. ಆಪ್ಟಿಕಲ್ ತಂತಿಯಲ್ಲಿ ಒಟಿಟಿಯವರು ಕಳಿಸೋ ಡಾಲ್ಬಿ ಡಿಜಿಟಲ್ ಪ್ಲಸ್ ಅನ್ನೋ ರೂಪದ ಸದ್ದು ಹೋಗಲ್ಲ. ಕೊಳ್ಳೋರಿಗೆ ನನ್ನ ಸಲಹೆ: ಮಾತು ಸ್ಪಷ್ಟವಾಗಿರಬೇಕು ಅನ್ನೋದಾದರೆ 2.1 ಬೇಡ, 3.1 ತಗೊಳ್ಳಿ, ಆ ಮೂರನೇದೇ ನಡುವಿನ ಸ್ಪೀಕರ್. ತುಟಿಗೂ ಮಾತಿಗೂ ಹೊಂದದಿದ್ದರೆ 'ಡಬ್ಬಿಂಗ್ ಕೆಟ್ಟದಾಗಿದೆ' ಅಂತ ಬರೆಯೋ ಮುಂಚೆ ಬ್ಲೂಟೂತ್ ಬಿಚ್ಚಿ. ಬ್ಲೂಟೂತ್‌ನಲ್ಲಿ ಸದ್ದು 100ರಿಂದ 200 ಮಿಲಿಸೆಕೆಂಡ್ ತಡವಾಗೋದು ಮಾಮೂಲು, ಅಂದ್ರೆ ಹತ್ತಿರ ಹತ್ತಿರ ಎರಡರಿಂದ ಐದು ಫ್ರೇಮ್. ಟಿವಿಯ ಆಡಿಯೋ ಡಿಲೇ ಇದಕ್ಕೆ ಮದ್ದಲ್ಲ, ಅದು ಸದ್ದನ್ನು ಇನ್ನಷ್ಟು ಹಿಂದಕ್ಕೇ ತಳ್ಳುತ್ತೆ.

ಬೇರೆ ಭಾಷೆಯ ಚಿತ್ರವನ್ನು ಕನ್ನಡ ಡಬ್‌ನಲ್ಲಿ ನೋಡಿದವರು ಬರೆಯುವಾಗ ಅದನ್ನು ಹೇಳಿಬಿಡಿ. ಡಬ್‌ನಲ್ಲಿ ಸಾಮಾನ್ಯವಾಗಿ ನಟನ ದನಿಯೇ ಬೇರೆಯವರದ್ದು, ಅಭಿನಯದ ಅರ್ಧ ನೀವು ಕೇಳೇ ಇಲ್ಲ.

ಹಳೇ ಕನ್ನಡ ಚಿತ್ರಗಳ ಪಾಡು ಇನ್ನೂ ಬೇರೆ. 'ಸೊಸೆ ತಂದ ಸೌಭಾಗ್ಯ' 1977ರಲ್ಲಿ ಕನ್ನಡಕ್ಕೆ ಸಿನಿಮಾಸ್ಕೋಪ್ (ತುಂಬ ಅಗಲದ ಚಿತ್ರದ ಆಕಾರ) ತಂದಿತು. ಅದಕ್ಕೂ ಹಿಂದಿನ ಚಿತ್ರಗಳು ಹೆಚ್ಚಾಗಿ ಚೌಕಕ್ಕೆ ಹತ್ತಿರದ ಆಕಾರದವು. ಯೂಟ್ಯೂಬ್‌ಗೆ ಹಾಕೋರು ಅಗಲ ಪರದೆ ತುಂಬಲಿ ಅಂತ ಎಳೆದರೆ ಎಲ್ಲರೂ ಶೇ 30ರಷ್ಟು ದಪ್ಪ, ಮೇಲೆ ಕೆಳಗೆ ಕತ್ತರಿಸಿದರೆ ಚಿತ್ರದ ಶೇ 23 ಭಾಗ ಕಸದಬುಟ್ಟಿಗೆ. ತಲೆ, ಪಾದ ಕಾಣದೆ 'ಆ ಕಾಲದಲ್ಲಿ ಫ್ರೇಮಿಂಗ್ ಗೊತ್ತಿರಲಿಲ್ಲ' ಅನ್ನೋದು ದೊಡ್ಡ ಅನ್ಯಾಯ. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ'ವೂ ಅದೇ 1977ರದ್ದು. ಅದರ 4ಕೆ ಪುನರುಜ್ಜೀವಿತ ಪ್ರತಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಅದರ ಛಾಯಾಗ್ರಾಹಕ ಎಸ್. ರಾಮಚಂದ್ರ ಅವರ ಕಪ್ಪುಬಿಳುಪಿನ ಬಗ್ಗೆ ತೀರ್ಪು ಕೊಡೋದಾದರೆ ಅಂಥ ಪ್ರತಿ ನೋಡಿ ಕೊಡಬೇಕು. ಸ್ಕೋಪ್ ಚಿತ್ರಗಳಿಗೆ ಟಿವಿಯ ಜೂಮ್ ಒತ್ತೋರಿಗೂ ಒಂದು ಮಾತು: ಮೇಲೆ ಕೆಳಗಿನ ಕಪ್ಪು ಪಟ್ಟಿ ಹೋಗಿಸಲು ನೀವು ಕಳೆದುಕೊಳ್ಳೋದು ಎಡಬಲ ಸೇರಿ ಚಿತ್ರದ ಕಾಲು ಭಾಗ.

ಹಳೇ ಚಿತ್ರದಲ್ಲಿ ಕತೆ ಜಿಗಿಯುತ್ತೆ, ಸಂಕಲನ ಕೆಟ್ಟಿದೆ ಅನ್ನಿಸಿದರೆ ಶುರುವಿನ ಸೆನ್ಸಾರ್ ಸರ್ಟಿಫಿಕೇಟ್‌ನಲ್ಲಿ ವಿಡಿಯೋ ನಿಲ್ಲಿಸಿ. ಅಲ್ಲಿ ಉದ್ದವನ್ನು ಮೀಟರ್‌ನಲ್ಲಿ ಬರೆದಿರ್ತಾರೆ. 35 ಎಂಎಂ ರೀಲು ನಿಮಿಷಕ್ಕೆ 27.4 ಮೀಟರ್ ಓಡುತ್ತೆ. 4000 ಮೀಟರ್ ಇದ್ದರೆ ಚಿತ್ರ ಸುಮಾರು 146 ನಿಮಿಷ. ವಿಡಿಯೋ 140 ನಿಮಿಷ ಇದ್ದರೆ ಗಾಬರಿ ಬೇಡ: ನಮ್ಮ ದೇಶದ ಟಿವಿ ಪ್ರಸಾರ ಪದ್ಧತಿ ಸೆಕೆಂಡಿಗೆ 25 ಫ್ರೇಮ್‌ನದ್ದು, ಅದಕ್ಕೆ ಹೊಂದಿಸಿದ ಹಳೇ ಟಿವಿ, ಡಿವಿಡಿ ಪ್ರತಿಗಳು ಶೇ 4ರಷ್ಟು ವೇಗವಾಗಿ ಓಡುತ್ತವೆ. ಅಂಥ ಪ್ರತಿಯಲ್ಲಿ ಶ್ರುತಿಯೂ ಹತ್ತಿರ ಹತ್ತಿರ ಮುಕ್ಕಾಲು ಸ್ವರಸ್ಥಾನ ಏರಿರುತ್ತೆ, ಪಿ.ಬಿ. ಶ್ರೀನಿವಾಸ್ ಅವರ ದನಿ ತೆಳುವಾಗಿ ಕೇಳೋದು ಇದರಿಂದಲೇ. ಪ್ಲೇಬ್ಯಾಕ್ ವೇಗ 0.96 ಸಿಗೋ ಪ್ಲೇಯರ್‌ನಲ್ಲಿ, ಶ್ರುತಿ ಹಿಡಿದಿಡೋ ಆಯ್ಕೆ ತೆಗೆದು ಹಾಕಿ ನೋಡಿ. ವಿಡಿಯೋ 120 ನಿಮಿಷಕ್ಕೇ ಮುಗಿದರೆ ಮಾತ್ರ ಯಾರೋ ಕತ್ತರಿ ಆಡಿಸಿದ್ದಾರೆ ಅಂತ ಲೆಕ್ಕ.

ಮುಂದಿನ ಸಲ ಹಳೇ ಚಿತ್ರದ ಬಗ್ಗೆ ಬರೆಯುವಾಗ ಕೊನೆಯಲ್ಲಿ ಎರಡು ಅಂಕಿ ಸೇರಿಸಿ: ಸರ್ಟಿಫಿಕೇಟ್‌ನ ಮೀಟರ್, ನೀವು ನೋಡಿದ ಪ್ರತಿಯ ನಿಮಿಷ. ಪೂರ್ತಿ ಉದ್ದದ ಪ್ರತಿ ಯಾವ ಚಾನೆಲ್‌ನಲ್ಲಿದೆ ಅಂತ ಗೊತ್ತಿರೋರು ಕಾಮೆಂಟ್‌ನಲ್ಲಿ ಹಾಕಿ. ಕಪ್ಪುಬಿಳುಪು ಚಿತ್ರಗಳಿಂದಲೇ ಶುರುಮಾಡೋಣ.