ಚುಚ್ಚುಮದ್ದಿನ ನಂತರದ ಅರ್ಧ ಗಂಟೆ

ಮಗಳಿಗೆ ಆರು ತಿಂಗಳಾದಾಗ ಇಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಲಸಿಕೆ ಹಾಕಿಸಲು ಹೋಗಿದ್ದೆವು. ಡಾಕ್ಟರು ಬಂದವರೇ ರಟ್ಟಿನ ಪುಸ್ತಕವೊಂದನ್ನು ಅವಳ ಕೈಗೆ ಕೊಟ್ಟರು. ಅವಳು ಅದನ್ನು ನೇರ ಬಾಯಿಗಿಟ್ಟಳು. ನನ್ನ ಹೆಂಡತಿ ಕಿತ್ತುಕೊಳ್ಳಲು ಹೋದಾಗ "ಬಿಡಿ, ಈ ವಯಸ್ಸಿನ ಓದು ಹಾಗೇ" ಅಂದರು. ಪುಸ್ತಕವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತಾಳಾ, ಚಿತ್ರ ಕಂಡು ನಮ್ಮ ಮುಖ ನೋಡುತ್ತಾಳಾ ಅಂತ ಗಮನಿಸುತ್ತಿದ್ದರು. ಆಮೇಲೆ ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದು ಕೇಳಿದರು. ಕನ್ನಡ ಅಂದೆ. "ಅದರಲ್ಲೇ ಮಾತಾಡಿಸಿ, ಜಾಸ್ತಿ ಮಾತಾಡಿಸಿ" ಅಂದರು.

ಲಸಿಕೆಯ ಭೇಟಿಯಲ್ಲೇ ಪುಸ್ತಕ ಕೊಡುವ ಈ ಪದ್ಧತಿ 1989ರಲ್ಲಿ ಬಾಸ್ಟನ್ನಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಶುರುವಾಯಿತು. ಹೆಸರು ರೀಚ್ ಔಟ್ ಅಂಡ್ ರೀಡ್. ಮಕ್ಕಳ ಡಾಕ್ಟರ್ ಆಗಿದ್ದ ಬ್ಯಾರಿ ಜುಕರ್‌ಮನ್, ರಾಬರ್ಟ್ ನೀಡಲ್‌ಮನ್ ಮೊದಲಾದವರು ಇದನ್ನು ಕಟ್ಟಿದರು. ನ್ಯೂಯಾರ್ಕಿನ ಅಲನ್ ಮೆಂಡಲ್‌ಸೋನ್ ಇದನ್ನೇ ಇನ್ನಷ್ಟು ಮುಂದಕ್ಕೆ ಒಯ್ದರು. ನನ್ನ ಮನಸ್ಸಿಗೆ ಹತ್ತಿರವಾದದ್ದು ಅವರ ಕೆಲಸ.

ಮೆಂಡಲ್‌ಸೋನ್ ಕೂಡ ಮಕ್ಕಳ ಡಾಕ್ಟರು. ಅವರು ಕೆಲಸ ಮಾಡಿದ ಬೆಲ್‌ವ್ಯೂ ಆಸ್ಪತ್ರೆ ಸರ್ಕಾರದ್ದು. ಅಲ್ಲಿಗೆ ಬರುವವರಲ್ಲಿ ಬಡವರು, ಬೇರೆ ದೇಶದಿಂದ ಬಂದವರು ಜಾಸ್ತಿ. ಲಸಿಕೆಗೆ ಬಂದ ತಾಯಿಯನ್ನು ಅವತ್ತೇ ಒಬ್ಬರು ಕೂರಿಸಿಕೊಳ್ಳುತ್ತಾರೆ. ಅವರು ಡಾಕ್ಟರಲ್ಲ, ಇದಕ್ಕೆಂದೇ ತರಬೇತಿ ಪಡೆದವರು. ಒಂದು ಆಟಿಕೆ ಅಥವಾ ಪುಸ್ತಕ ಕೊಟ್ಟು, ತಾಯಿ ಮಗು ಆಡುವುದನ್ನು ನಾಲ್ಕೈದು ನಿಮಿಷ ವಿಡಿಯೋ ಮಾಡುತ್ತಾರೆ. ಆಮೇಲೆ ಇಬ್ಬರೂ ಕೂತು ನೋಡುತ್ತಾರೆ. "ಇಲ್ಲಿ ನೋಡಿ, ಅವನು ಊಂ ಅಂದ, ನೀವು ತಕ್ಷಣ ಉತ್ತರ ಕೊಟ್ಟಿರಿ" ಅಂತ ತಾಯಿ ಚೆನ್ನಾಗಿ ಮಾಡಿದ ಜಾಗವನ್ನೇ ತೋರಿಸುತ್ತಾರೆ. ಬೈಗುಳ ಇಲ್ಲ, ಉಪದೇಶವೂ ಇಲ್ಲ. 675 ಕುಟುಂಬಗಳನ್ನು ಸೇರಿಸಿಕೊಂಡು ಮಾಡಿದ ಅಧ್ಯಯನವನ್ನು ಅವರ ತಂಡ 2018ರಲ್ಲಿ ಪ್ರಕಟಿಸಿತು. ಹುಟ್ಟಿದಾಗಿನಿಂದ ಮೂರು ವರ್ಷದವರೆಗೆ ಈ ನೆರವು ಸಿಕ್ಕ ಮಕ್ಕಳಲ್ಲಿ ಅತಿಚಟುವಟಿಕೆಯಂಥ ತೊಂದರೆ ಕಡಿಮೆ ಇತ್ತು. ಆ ಲಾಭ ನೆರವು ನಿಂತು ಒಂದೂವರೆ ವರ್ಷ ಕಳೆದ ಮೇಲೂ ಉಳಿದಿತ್ತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮಜ್ಜಿ. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಾ "ಕೈ ಎಲ್ಲಿ? ಮೂಗೆಲ್ಲಿ?" ಅನ್ನುತ್ತಿದ್ದರು. ಕೇಳಿ ಸುಮ್ಮನಾಗುತ್ತಿದ್ದರು. ಮಗು ಏನಾದರೂ ಸದ್ದು ಮಾಡಿದರೆ "ಹೌದಾ? ಆಮೇಲೆ?" ಅಂತ ಮತ್ತೆ ಶುರು. ಬೆಲ್‌ವ್ಯೂದಲ್ಲಿ ವಿಡಿಯೋ ನಿಲ್ಲಿಸಿ ತೋರಿಸುವುದು ಇದನ್ನೇ ಅಲ್ವಾ? ಇಲ್ಲಿ ಅಮೆರಿಕದ ತಾಯಂದಿರಿಗೆ ಬಾಣಂತನ ಮಾಡುವವರಿಲ್ಲ. ಸಂಬಳದ ಹೆರಿಗೆ ರಜೆ ಕೊಡಲೇಬೇಕು ಅನ್ನುವ ಕಾನೂನು ಇಡೀ ದೇಶಕ್ಕೆ ಇವತ್ತಿಗೂ ಇಲ್ಲ. ಹಾಗಾಗಿ ಆ ಕೆಲಸ ಆಸ್ಪತ್ರೆಯ ಪಾಲಿಗೆ ಬಂತು.

ಹಾಗಂತ ನಮ್ಮಲ್ಲಿ ಎಲ್ಲ ಸರಿ ಇದೆ ಅನ್ನಲಾರೆ. ತುಮಕೂರಿನ ಕಡೆ ನಮ್ಮ ಸಂಬಂಧಿಕರ ಹುಡುಗನೊಬ್ಬನಿಗೆ ಎಲ್ಲ ಲಸಿಕೆಯೂ ಸರಿಯಾದ ಸಮಯಕ್ಕೆ ಬಿದ್ದಿತ್ತು. ತಾಯಿ ಕಾರ್ಡ್‌ನಲ್ಲಿ ತೂಕ ಬರೆದಿತ್ತು. ಮಗು ಯಾವಾಗ ಏನು ಮಾಡಬೇಕು ಅನ್ನುವ ಚಿತ್ರಗಳೂ ಅದೇ ಕಾರ್ಡಿನಲ್ಲಿವೆ. ಆ ಪುಟವನ್ನು ಯಾರೂ ತೆರೆಯಲಿಲ್ಲ. ಎರಡು ವರ್ಷವಾದರೂ ಮಾತಿಲ್ಲ ಅಂದಾಗ "ಗಂಡು ಮಕ್ಕಳು ಹಾಗೇ, ತಡ" ಅಂದು ಕಳಿಸಿದರು. ಮೂರೂವರೆ ವರ್ಷಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದಾಗಲೇ ಕಿವಿ ಕೇಳಿಸುತ್ತಿಲ್ಲ ಅಂತ ಗೊತ್ತಾದದ್ದು. ಇಲ್ಲಿ ಅಮೆರಿಕದಲ್ಲಿ ಒಂಬತ್ತು, ಹದಿನೆಂಟು, ಮೂವತ್ತನೇ ತಿಂಗಳಿನಲ್ಲಿ ಪ್ರಶ್ನೆಗಳ ಹಾಳೆ ಕೊಟ್ಟು ಮಗುವಿನ ಬೆಳವಣಿಗೆ ಕೇಳಬೇಕು ಅನ್ನುವುದು ಮಕ್ಕಳ ಡಾಕ್ಟರುಗಳ ನಿಯಮ. ಆ ಹುಡುಗನ ವಿಷಯ ಈಗಲೂ ಹೊಟ್ಟೆ ಉರಿಸುತ್ತದೆ.

ಹೋದ ಸಲ ಊರಿಗೆ ಹೋದಾಗ ತಂಗಿಯ ಮಗುವಿಗೆ ಗುರುವಾರದ ಚುಚ್ಚುಮದ್ದು ಇತ್ತು. ಸೂಜಿ ಹಾಕಿದ ಮೇಲೆ ಆಶಾ ಕಾರ್ಯಕರ್ತೆ ಅರ್ಧ ಗಂಟೆ ಇಲ್ಲೇ ಕೂತಿರಿ ಅಂದರು. ಹೊಂಗೆ ಮರದ ಕೆಳಗೆ ಎಂಟು ಹತ್ತು ತಾಯಂದಿರು ಮಗು ಎತ್ತಿಕೊಂಡು ಕೂತಿದ್ದರು. ಅಂಗನವಾಡಿ ಟೀಚರ್ ಮೊಬೈಲಿನಲ್ಲಿ ಏನೋ ತುಂಬಿಸುತ್ತಿದ್ದರು, ತಲೆ ಎತ್ತಲು ಪುರುಸೊತ್ತಿರಲಿಲ್ಲ. ಇನ್ನೊಂದು ಕೆಲಸ ಅವರ ತಲೆಗೆ ಕಟ್ಟಿ ಅಂತ ನಾನು ಹೇಳುವುದಿಲ್ಲ. ಊರಲ್ಲೇ ಪಿಯುಸಿ ಓದಿದ ಹುಡುಗಿಯರಿದ್ದಾರೆ. ಅವರಿಗೆ ತರಬೇತಿ ಕೊಟ್ಟು, ಸಂಬಳ ಕೊಟ್ಟು, ಆ ಅರ್ಧ ಗಂಟೆಯನ್ನು ಅವರ ಕೈಗೆ ಕೊಡಲಿ. ತಾಯಂದಿರು ಹೇಗೂ ಅಲ್ಲೇ ಇರುತ್ತಾರೆ, ಮನೆ ಮನೆ ಸುತ್ತುವ ಖರ್ಚೂ ಇಲ್ಲ.

ಅವತ್ತು ನಾನೇ ತಂಗಿಯ ಕೈಗೆ ಗಿಲಕಿ ಕೊಟ್ಟು ಎರಡು ನಿಮಿಷ ವಿಡಿಯೋ ಮಾಡಿದೆ. ಅವಳು ಆಡಿಸಿದಳು, ಮಗು ಅಳು ಮರೆತು ಬಾಯಿ ತೆರೆಯಿತು, ಅವಳೂ ಹಾಗೇ ಬಾಯಿ ತೆರೆದಳು. ತೋರಿಸಿದಾಗ "ನಾನು ಇಷ್ಟೊಂದು ಮಾತಾಡಿಸ್ತೀನಾ?" ಅಂತ ಎರಡು ಸಲ ನೋಡಿದಳು. ಪಕ್ಕದಲ್ಲಿದ್ದ ತಾಯಿ ಇಣುಕಿ ನೋಡಿ, ಸೆರಗು ಸರಿಮಾಡಿಕೊಂಡು, "ಅಣ್ಣ, ನಮ್ದೂ ತೆಗೀರಿ" ಅಂದರು.